ಗುರುವಿಲ್ಲದ ಕಲಿಕೆಗೆ ಯಾವ ಹೊತ್ತಗೆ?

ಪರಭಾಷೆಯೊಂದನ್ನು ಗುರುಮುಖವಿಲ್ಲದೆ ಕಲಿಯಬಹುದೆ ಎಂಬುದು ಹಳೆಯ ಪ್ರಶ್ನೆ. ಕಲಿಯಬಹುದೆಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿಯೇ ಸಾಕ್ಷಿಯುಂಟು. ಆದರೆ ಗುರುವಿಲ್ಲದೆಡೆಯಲ್ಲಿ ಗುರುವಿನ ಕೆಲಸವನ್ನು ಪುಸ್ತಕ ಮಾಡಬೇಕು; ಆ ಪುಸ್ತಕವನ್ನು ಆರಿಸುವ ಹೊಣೆಯೋ, ಆ ಭಾಷೆಯನ್ನು ಇನ್ನೂ ಅರಿಯದ ಶಿಷ್ಯನದು. ತೊಡಕಿರುವುದು ಇಲ್ಲಿಯೇ.

ಈ ತೊಡಕು ಇಂದು ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳಲ್ಲಿ ಜರ್ಮನ್, ಜಪಾನೀ ಕಲಿಯಬೇಕೆನ್ನುವವರು ಈಗ ಸಿಗುತ್ತಾರೆ. ಒಬ್ಬರಿಗೆ ಹೊರದೇಶದಲ್ಲಿ ನರ್ಸಿಂಗ್ ಕೆಲಸದ ಆಸೆ. ಇನ್ನೊಬ್ಬರಿಗೆ ಮೇಲ್ವ್ಯಾಸಂಗದ ಆಸೆ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮ್ಯೂಲರ್ ಭವನವಿದೆ, ನಿಜ. ಅಲ್ಲಿ ಕೊಠಡಿ ಹಿಡಿದು, ಶುಲ್ಕ ತೆತ್ತು ಕಲಿಯುವ ಅನುಕೂಲ ಎಲ್ಲ ಮನೆಗಳಿಗೂ ಇಲ್ಲ. ಸಂಜೆಯ ಎರಡು ಗಂಟೆ, ಒಂದು ಪುಸ್ತಕ, ಕೈಯಲ್ಲೊಂದು ಮೊಬೈಲು—ಇಷ್ಟೇ ಬಂಡವಾಳ. ಪುಸ್ತಕದ ಆಯ್ಕೆ ತಪ್ಪಿದರೆ ನಷ್ಟವಾಗುವುದು ಅದರ ಬೆಲೆಯಷ್ಟೇ ಅಲ್ಲ. ಒಂದು ವರ್ಷದ ಸಂಜೆಗಳು ಹೋಗುತ್ತವೆ, ‘ನನ್ನ ತಲೆಗೆ ಭಾಷೆ ಹತ್ತುವುದಿಲ್ಲ’ ಎಂಬ ಸುಳ್ಳು ನಂಬಿಕೆ ಉಳಿದುಬಿಡುತ್ತದೆ.

ಹಿಂದಿನವರು ಏನು ಮಾಡಿದರು? ಬಿ. ವೆಂಕಟಾಚಾರ್ಯರು (1845-1914) ಸ್ವಪ್ರಯತ್ನದಿಂದ ಬಂಗಾಳಿಯನ್ನು ಕಲಿತು, ವಿದ್ಯಾಸಾಗರರನ್ನೂ ಬಂಕಿಮಚಂದ್ರರನ್ನೂ ಕನ್ನಡಕ್ಕೆ ತಂದರು. ಬಂಗಾಳಿಯ ಗ್ರಂಥಸ್ಥ ಗದ್ಯದಲ್ಲಿ ಸಂಸ್ಕೃತ ಪದಗಳು ಹೇರಳ. ಸಂಸ್ಕೃತದ ಪರಿಚಯವಿದ್ದವನಿಗೆ ಅರ್ಧ ನಿಘಂಟು ಮೊದಲೇ ಕೈಯಲ್ಲಿದ್ದಂತೆ. ಅವರು ಕನ್ನಡಿಸಿದ ವಿದ್ಯಾಸಾಗರರ ‘ಭ್ರಾಂತಿವಿಲಾಸ’ವಾದರೋ ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕದ ಕಥೆ. ಪದವೂ ಕಥೆಯೂ ಅಷ್ಟಿಷ್ಟು ಪರಿಚಿತವಾಗಿದ್ದರೆ ಉಳಿದ ಭಾಷೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲರ ದಾರಿ ಬೇರೆ. ಸ್ಥಳೀಯ ಪಂಡಿತರ ನೆರವು ಅವರಿಗಿತ್ತು. ಅವರು ಕೇಶಿರಾಜನ ವ್ಯಾಕರಣವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. ಅದರೊಡನೆ ಜನರ ಬಾಯಿಯ ಗಾದೆಗಳನ್ನೂ ಬಿಡಲಿಲ್ಲ. 1894ರಲ್ಲಿ ಹೊರಬಂದ, ಸುಮಾರು 70,000 ಪದಗಳ ನಿಘಂಟಿನಲ್ಲಿ ಕಾವ್ಯವೂ ಗಾದೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಶಾಸ್ತ್ರ ಒಂದು ಕೈಯಲ್ಲಿ, ಬಳಕೆ ಇನ್ನೊಂದು ಕೈಯಲ್ಲಿ—ಸ್ವಂತವಾಗಿ ಕಲಿಯುವವನಿಗೆ ಎರಡೂ ಬೇಕು.

ನಮ್ಮ ಜಿಲ್ಲೆಯ ನೆಲವೇ ಈ ವಿಷಯದಲ್ಲಿ ಕೆಲವು ಪಾಠಗಳನ್ನು ಹೇಳುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದದ ಬಳಿ, ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಒಂದನ್ನು ಬಲ್ಲವನು ಉಳಿದೆರಡರ ಕ್ರಿಯಾಪದವನ್ನು ಬೆರಳಿಟ್ಟು ತೋರಿಸಬಲ್ಲ. ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಶಾಂಪೋಲಿಯನ್ ಬಿಡಿಸಿದ್ದೂ ಇಂಥದೇ ಸಮಾನಪಾಠದ ಶಿಲೆಯ ನೆರವಿನಿಂದ. ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯವು ಶಾಂಕರಭಾಷ್ಯಗಳನ್ನು ಕನ್ನಡ ಅನುವಾದದೊಡನೆ ಪ್ರಕಟಿಸಿದ್ದು ವೇದಾಂತಕ್ಕಾಗಿ. ಆದರೆ ಮೂಲವನ್ನೂ ಅನುವಾದವನ್ನೂ ಹೋಲಿಸಿ ಓದಿದವನಿಗೆ ಸಂಸ್ಕೃತ ವಾಕ್ಯದ ಹದವೂ ದಕ್ಕುತ್ತದೆ. ಮೂಲ ಒಂದು ಬದಿಗೆ, ಅರ್ಥ ಇನ್ನೊಂದು ಬದಿಗೆ ಇರುವ ಓದುಪುಸ್ತಕ ಬಿಡಿವಾಕ್ಯಗಳ ನೂರು ಪಟ್ಟಿಗಳಿಗಿಂತ ಮೇಲು.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಊರುಗಳಲ್ಲಿ ಸಂಕೇತಿ ಮನೆಗಳ ಮಕ್ಕಳು ಒಳಗೆ ಸಂಕೇತಿಯನ್ನೂ ಹೊರಗೆ ಕನ್ನಡವನ್ನೂ ಯಾವ ಪುಸ್ತಕದ ಹಂಗೂ ಇಲ್ಲದೆ ಆಡುತ್ತ ಬಂದಿದ್ದಾರೆ. ಅವರ ಗುರು ಕಿವಿ. ಬೆಳೆದವನಿಗೆ ಅಂಥ ಅಂಗಳ ಸಿಗದಿದ್ದರೂ ಕಿವಿಗೆ ಪಾಠ ಸಿಗಲೇಬೇಕು. ಧ್ವನಿಯಿಲ್ಲದ ಪುಸ್ತಕವನ್ನು, ಅದೆಷ್ಟೇ ಅಗ್ಗವಾಗಿರಲಿ, ಮೊದಲ ಪುಸ್ತಕವಾಗಿ ಕೊಳ್ಳಬಾರದು. ಡಾಯ್ಚೆ ವೆಲ್ಲೆ ಜರ್ಮನನ್ನೂ ಎನ್.ಎಚ್.ಕೆ. ಜಪಾನಿಯನ್ನೂ ಧ್ವನಿಸಹಿತವಾಗಿ ಉಚಿತವಾಗಿಯೇ ಕಲಿಸುತ್ತಿವೆ.

ಇನ್ನು ಮುಖ್ಯವಾದ ಮಾತು. ಅಂಗಡಿಯಲ್ಲಿ ದೊರೆಯುವ ಪಠ್ಯಗಳು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರಿಗಾಗಿ ಬರೆದವು. ಇಂಗ್ಲಿಷಿನವನಿಗೆ ಎಲ್ಲಿ ಕಷ್ಟವೋ ಅಲ್ಲಿ ಅವು ಪುಟಗಟ್ಟಲೆ ನಿಲ್ಲುತ್ತವೆ. ಕನ್ನಡಿಗನ ಕಷ್ಟ ಬೇರೆಡೆಯಲ್ಲಿರುತ್ತದೆ. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಸೂಚಕ ನಾಮದ ಹಿಂದೆ ಬರುತ್ತದೆ ಎಂದು ಪುಸ್ತಕ ಅಚ್ಚರಿಪಟ್ಟರೆ ನಮಗೇನು ಅಚ್ಚರಿ? ‘ಓದಿದ ಪುಸ್ತಕ’ ಅವರಲ್ಲಿ ‘ಯೊಂದ ಹೊನ್’. ‘ತಿಂದು ನೋಡು’ ಎಂಬುದು ‘ತಬೆತೆ ಮಿತೆ’. ನೋಡುವ ಕ್ರಿಯೆಯನ್ನು ಪರೀಕ್ಷಿಸುವ ಅರ್ಥಕ್ಕೆ ತಿರುಗಿಸಿದ ಬಗೆ ಎರಡರಲ್ಲೂ ಒಂದೇ! ಹ್ರಸ್ವ ದೀರ್ಘಗಳೂ ಒತ್ತಕ್ಷರಗಳೂ ಅರ್ಥವನ್ನು ಬದಲಿಸುವುದು ಅಲ್ಲಿಯೂ ಉಂಟು. ಆದಕಾರಣ ಜಪಾನಿಯನ್ನು ಕೊನೆಯವರೆಗೂ ರೋಮನ್ ಲಿಪಿಯಲ್ಲೇ ಅಚ್ಚಿಟ್ಟ ಪುಸ್ತಕವನ್ನು ಬಿಡಿ. ಆರಂಭದ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿಯೇ ಗುರುತುಮಾಡಿಕೊಳ್ಳಿ, ಬೇಗನೆ ಅವರ ಲಿಪಿಗೆ ದಾಟಿ. ನಮಗೆ ಶ್ರಮವಿರುವುದು ಚೀನಾ ಮೂಲದ ಲಿಪಿಚಿಹ್ನೆಗಳಲ್ಲಿ. ನಿತ್ಯಬಳಕೆಗೆಂದು ಅಲ್ಲಿನ ಸರ್ಕಾರ ನಿಗದಿ ಮಾಡಿದವೇ 2,136.

ಜರ್ಮನಿನಲ್ಲಿ ಇದು ತಿರುಗುಮುರುಗು. ‘ನನಗೆ ಚಳಿ’ ಎಂಬುದಕ್ಕೆ ಅವರೂ ಚತುರ್ಥಿ ಹಚ್ಚಿ ‘ಮಿರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ಅದು ನಮಗೆ ಸುಲಭ. ಲಿಂಗ ಮಾತ್ರ ಕಬ್ಬಿಣದ ಕಡಲೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಅಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕ, ಹುಡುಗಿಯನ್ನು ಸೂಚಿಸುವ ಪದವೂ ನಪುಂಸಕ. ಪ್ರತಿಯೊಂದು ನಾಮಪದವನ್ನೂ ಅದರ ಲಿಂಗಸೂಚಕದೊಡನೆಯೇ ಕೊಡುವ, ಆಮೇಲೆ ಮೇಲಿಂದ ಮೇಲೆ ಅಭ್ಯಾಸ ಮಾಡಿಸುವ ಪುಸ್ತಕವೇ ನಮಗೆ ತಕ್ಕದ್ದು. ಕೊಳ್ಳುವ ಮುನ್ನ ಈ ಒಂದನ್ನಾದರೂ ಪುಟ ತಿರುವಿ ನೋಡಬೇಕು.

ಹಳೆಯ ಪುಸ್ತಕ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಜರ್ಮನ್ ಕಾಗುಣಿತದ ಸುಧಾರಣೆ 1998ರಲ್ಲಿ ಜಾರಿಗೆ ಬಂದು 2006ರಲ್ಲಿ ಸ್ಥಿರಗೊಂಡಿತು. ಜಪಾನೀ ಪರೀಕ್ಷೆಯ ಹಂತಗಳು 2010ರಿಂದ ನಾಲ್ಕರ ಬದಲು ಐದಾಗಿವೆ. ಗೋಯೆಥೆಯನ್ನು ಓದುವ ಹಂಬಲದವನಿಗೆ ಹಳೆಯ ಪುಸ್ತಕ ಸಾಕಾದೀತು, ಪರೀಕ್ಷೆಗೆ ಕೂರುವವನಿಗೆ ಸಾಲದು. ಜರ್ಮನಿಯಲ್ಲಿ ನರ್ಸಾಗಿ ನೋಂದಣಿ ಪಡೆಯಲು ಸಾಮಾನ್ಯವಾಗಿ ಯುರೋಪಿನ ಆರು ಹಂತಗಳಲ್ಲಿ ನಾಲ್ಕನೆಯದಾದ ಬಿ2 ಬೇಕಾಗುತ್ತದೆ. ಬಸ್ ನಿಲ್ದಾಣದಲ್ಲಿ ಸಿಗುವ ‘ಮೂವತ್ತು ದಿನ’ಗಳ ಪುಸ್ತಕ ಮೊದಲ ಮೆಟ್ಟಿಲನ್ನು ತೋರಿಸಿದರೆ ಅದೇ ಹೆಚ್ಚು. ಅಭ್ಯಾಸಗಳಿಗೆ ಉತ್ತರ ಹಿಂದೆ ಕೊಟ್ಟಿದೆಯೆ ಎಂಬುದನ್ನೂ ನೋಡಬೇಕು. ತಿದ್ದುವ ಗುರುವಿಲ್ಲದವನಿಗೆ ಆ ಉತ್ತರಗಳೇ ಗುರು.

ಹೀಗೆ ನೋಡಿದರೆ ಬೇಕಾದದ್ದು ಬಹಳವಿಲ್ಲ: ಧ್ವನಿಯುಳ್ಳ, ಉತ್ತರಗಳುಳ್ಳ ಒಂದು ಪಾಠಪುಸ್ತಕ, ಒಂದು ನಿಘಂಟು, ಕಥೆ ಗೊತ್ತಿರುವ ಒಂದು ಓದುಪುಸ್ತಕ. ಐದು ಪುಸ್ತಕಗಳ ಮೊದಲ ಅಧ್ಯಾಯಗಳನ್ನು ಓದಿದವನಿಗಿಂತ ಒಂದನ್ನು ಕೊನೆ ಮುಟ್ಟಿಸಿದವನು ಮುಂದಿರುತ್ತಾನೆ. ಕನ್ನಡದ ಮೂಲಕವೇ ಜರ್ಮನನ್ನೂ ಜಪಾನಿಯನ್ನೂ ಕ್ರಮವಾಗಿ ಕಲಿಸುವ ಉತ್ತಮ ಪಾಠಮಾಲೆಗಳು ಹೆಚ್ಚುಹೆಚ್ಚಾಗಿ ಬರಬೇಕು. ಇದು ನಮ್ಮ ವಿಶ್ವವಿದ್ಯಾನಿಲಯಗಳು ಕೈಗೆತ್ತಿಕೊಳ್ಳತಕ್ಕ ಕೆಲಸ. ಅಲ್ಲಿಯವರೆಗೆ ನಮ್ಮ ವಿದ್ಯಾರ್ಥಿ ಇಂಗ್ಲಿಷಿನ ಪುಸ್ತಕವನ್ನು ಕನ್ನಡದ ಕಣ್ಣಿನಿಂದ ಓದಬೇಕು. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ದೇಶ ಸುತ್ತಲು ಹೊರಟವನು ಮೊದಲು ಕೋಶವನ್ನು ಸರಿಯಾಗಿ ಆರಿಸಿಕೊಳ್ಳಲಿ.