ಥಿಯೇಟರಿನಲ್ಲಿ ಮೆಷಿನ್ ಇದ್ದರೆ ಸಾಕೇ?

ಸೊಸೆಯ ಹೆರಿಗೆಗೆ ಯಾವ ಆಸ್ಪತ್ರೆ ಎಂಬ ಮಾತು ಬಂದಾಗ ನಮ್ಮ ಕಾಗಿನೆಲೆ, ಬ್ಯಾಡಗಿ ಕಡೆಯ ಮನೆಗಳಲ್ಲಿ ಮೊದಲು ಕೇಳುವುದು, "ಅಲ್ಲಿ ಎಲ್ಲಾ ಮೆಷಿನ್ ಅದಾವೇನು?" ಎಂದು. ಕೇಳಬೇಕಾದದ್ದೇ. ಆದರೆ ಮೆಷಿನ್ ಇರುವುದು ಬೇರೆ, ಅದನ್ನು ಬಳಸುವ ಕೈ ಪಳಗಿರುವುದು ಬೇರೆ. ರಕ್ತದ ಆಮ್ಲಜನಕ ಅಳೆಯುವ ಮಾನಿಟರಿನ ಅಲಾರಾಂ ಕಿರಿಕಿರಿಯೆಂದು ಯಾರಾದರೂ ಬಂದ್ ಮಾಡಿಟ್ಟರೆ, ಎಷ್ಟೇ ದುಬಾರಿ ಯಂತ್ರವಾದರೂ ಅದು ಮೂಕ.

ಆ ಕೈಯನ್ನು ಅಳೆಯುವ ಕ್ರಮವೂ ಇದೆ. ಕೇಂದ್ರ ಸರಕಾರ 2017ರಲ್ಲಿ ತಂದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೂ ಸಿಸೇರಿಯನ್ ಥಿಯೇಟರಿಗೂ ಅಂಕ ಕೊಡುತ್ತಾರೆ. ಒಂದೊಂದು ಅಂಶವೂ ಪೂರ್ತಿ ಸರಿಯಿದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಒಟ್ಟು ಶೇಕಡಾ 70 ದಾಟದಿದ್ದರೆ ಪ್ರಮಾಣಪತ್ರವಿಲ್ಲ. ಪರೀಕ್ಷಕರು ಕಣ್ಣಾರೆ ನೋಡುತ್ತಾರೆ, ಸಿಬ್ಬಂದಿಯನ್ನು ಪ್ರಶ್ನಿಸುತ್ತಾರೆ, ದಾಖಲೆ ತೆಗೆಸುತ್ತಾರೆ, ರೋಗಿಗಳನ್ನೂ ಮಾತನಾಡಿಸುತ್ತಾರೆ. ಈ ಕೊನೆಯದರಲ್ಲಿ ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ "ಎಲ್ಲಾ ಚೊಲೋ ಐತ್ರಿ" ಎಂದು ಮುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಕಂಡದ್ದನ್ನು ಕಂಡಂತೆ ಹೇಳುವುದು ಚಾಡಿಯಲ್ಲ, ಅದು ಸಾಕ್ಷ್ಯ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಕೊಟ್ಟಿತು. ಅರಿವಳಿಕೆಗೆ ಮೊದಲು, ಕತ್ತರಿಸುವ ಮೊದಲು, ರೋಗಿ ಥಿಯೇಟರಿನಿಂದ ಹೊರಬರುವ ಮೊದಲು, ಹೀಗೆ ಮೂರು ಸಲ ಎಲ್ಲರೂ ನಿಂತು ಗಟ್ಟಿಯಾಗಿ ಓದಿ ಖಾತ್ರಿಪಡಿಸಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಹೊರಬಂದಾಗ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಕಾರಣದ ಬಗ್ಗೆ ವಾದಗಳಿವೆ. ನನ್ನ ಮಟ್ಟಿಗೆ, ಓದದೆ ಟಿಕ್ ಹಾಕಿದ ಕಾಗದ ಯಾರನ್ನೂ ಕಾಯುವುದಿಲ್ಲ. ಕಣ್ಣಾರೆ ನೋಡಿ ಕೊಟ್ಟ ಅಂಕಕ್ಕೇ ಬೆಲೆ.

ಕಾಟರಿ ಯಂತ್ರವನ್ನೇ ತೆಗೆದುಕೊಳ್ಳಿ. ಕರೆಂಟಿನ ಶಾಖದಿಂದ ರಕ್ತ ನಿಲ್ಲಿಸುವ ಸಾಧನ ಅದು. ಸುಟ್ಟು ರಕ್ತ ನಿಲ್ಲಿಸುವ ವಿದ್ಯೆ ನಮ್ಮ ತಿಬ್ಬ್‌ಗೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಅಂದಲೂಸಿನ ಅಬುಲ್ ಕಾಸಿಮ್ ಅಝ್ಝಹ್ರಾವಿ 'ಅತ್ತಸ್ರೀಫ್' ಗ್ರಂಥದಲ್ಲಿ ಉಪಕರಣಗಳ ಚಿತ್ರ ಬರೆದು, ಅವನ್ನು ಬಳಸುವ ಬಗೆಯನ್ನೂ ವಿವರಿಸಿದ್ದಾರೆ. ಅರೆಬರೆ ಕಲಿತವರ ಕೈಯಲ್ಲಿ ರೋಗಿಗಳು ಸತ್ತದ್ದನ್ನೂ ಮುಚ್ಚಿಟ್ಟಿಲ್ಲ. ಇಂದಿನ ಕಾಟರಿಯಲ್ಲಿ ಕರೆಂಟು ಮರಳಿ ಹೋಗಲು ತೊಡೆಗೆ ಒಂದು ಪ್ಲೇಟ್ ಅಂಟಿಸುತ್ತಾರೆ. ಅದು ಸರಿಯಾಗಿ ಅಂಟದಿದ್ದರೆ ಅಲ್ಲೇ ಚರ್ಮ ಸುಡಬಹುದು. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಆರುವ ಮೊದಲೇ ಕಾಟರಿ ಹಚ್ಚಿದರೆ ಬೆಂಕಿಯೇ ಹತ್ತಬಹುದು. ಸಿಬ್ಬಂದಿ ಆರುವ ತನಕ ಕಾಯ್ದರೇ ಎಂಬುದನ್ನು ಯಾವ ಮೆಷಿನ್ನೂ ಹೇಳುವುದಿಲ್ಲ, ನಿಂತು ನೋಡುವವರೇ ಹೇಳಬೇಕು.

ನಿಮ್ಮ ಕೈಯಲ್ಲಿರುವುದನ್ನು ನೀವು ಮಾಡಿ. ಮೂಗುತಿ, ಬಳೆ, ಬೆಳ್ಳಿಯ ಉಡುದಾರ, ಲೋಹದ ಡಬ್ಬಿಯ ತಾಯತ ಇವನ್ನು ಮನೆಯಲ್ಲೇ ತೆಗೆದಿಡಿ. ಕಾಟರಿಯ ಕರೆಂಟಿಗೆ ಲೋಹ ಆಗದು. ತಾಯತ ತೆಗೆಯಲು ಅಜ್ಜಿಯರು ಒಪ್ಪುವುದಿಲ್ಲ, ಗೊತ್ತು. ದುಆ ಮಾಡಲು ಲೋಹದ ಡಬ್ಬಿ ಬೇಕಿಲ್ಲವೆಂದು ತಿಳಿಸಿ ಹೇಳಿ. ಉಗುರಿನ ಬಣ್ಣ, ಕಪ್ಪು ಮೆಹಂದಿ ಇದ್ದರೆ ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದ ಅಳತೆ ತಪ್ಪಬಹುದು. ಹೆಸರು, ಯಾವ ಆಪರೇಷನ್ ಎಂದು ಮೂರು ಸಲ ಕೇಳಿದರೂ ಬೇಸರಿಸದೆ ರೋಗಿಯೇ ಉತ್ತರಿಸಲಿ, ಪರದೆಯ ಹಿಂದಿನಿಂದ ಗಂಡ ಅಲ್ಲ. ಹಳೆಯ ಅಲರ್ಜಿ, ಎದೆಯಲ್ಲಿ ಕೂರಿಸಿದ ಪೇಸ್‌ಮೇಕರ್ ಇದ್ದರೆ ಹೇಳಿ. ನಮ್ಮಂಥವರು ಕೊಟ್ಟ ಮಾಜೂನು, ಸಫೂಫ್ ತಿನ್ನುತ್ತಿದ್ದರೆ ಡಬ್ಬಿ ಸಮೇತ ಅರಿವಳಿಕೆ ವೈದ್ಯರಿಗೆ ತೋರಿಸಿ.