ಸುಂಕದ ಕಟ್ಟೆಗೆ ಹೊಸ ಪಾಠ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಣಸಗಿಯ ಸೀಮೆಗೆ ಚೆನ್ನಾಗಿ ಒಪ್ಪುವಂಥದು. ನಿಜಾಮರ ಆಳಿಕೆಯಲ್ಲಿ ಹುಣಸಗಿ ಹೈದರಾಬಾದು ಸಂಸ್ಥಾನಕ್ಕೂ ನೆರೆಯ ತಾಳಿಕೋಟೆ ಮುಂಬಯಿ ಪ್ರಾಂತಕ್ಕೂ ಸೇರಿದ್ದವು. ಆಡುವ ನುಡಿ ಒಂದೇ. ಸರಕಿಗೆ ಮಾತ್ರ ನಡುವೆ ನಿಜಾಮರ ಕರೋಡಗಿರಿ, ಅಂದರೆ ಸುಂಕದ ಇಲಾಖೆ! 1948ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ಮುಂದೆ ಆ ಸುಂಕ ಅಳಿಯಿತು. 1956ರಲ್ಲಿ ಗಡಿಯೇ ಅಳಿಯಿತು.

ರಾಷ್ಟ್ರ ರಾಷ್ಟ್ರಗಳ ನಡುವಣ ಗಡಿ ಹಾಗೆ ಅಳಿಯುವಂಥದಲ್ಲ. ಅಲ್ಲಿ ಸುಂಕದ ಜೊತೆಗೆ ಕಾಗದಪತ್ರ, ತಪಾಸಣೆ, ಕಾಯುವಿಕೆಗಳ ಕಾಟವೂ ಉಂಟು. ದೊಡ್ಡ ಕಂಪನಿ ಈ ವಿಳಂಬವನ್ನು ತಾಳಿಕೊಂಡೀತು. ಅಲ್ಪ ಬಂಡವಾಳದ ವ್ಯಾಪಾರಿ ತಾಳಲಾರ. ಇದನ್ನು ನೀಗಲೆಂದೇ ವಿಶ್ವ ವಾಣಿಜ್ಯ ಸಂಸ್ಥೆಯ ವ್ಯಾಪಾರ ಸುಗಮತೆಯ ಒಪ್ಪಂದ 2017ರ ಫೆಬ್ರವರಿ 22ರಂದು ಜಾರಿಗೆ ಬಂದಿತು. ಪ್ರತಿಯೊಂದು ಸದಸ್ಯ ರಾಷ್ಟ್ರವೂ ಇದಕ್ಕಾಗಿ ಒಂದು ರಾಷ್ಟ್ರೀಯ ಸಮಿತಿಯನ್ನು ಹೊಂದಿರಬೇಕು. ಭಾರತದ ಸಮಿತಿ 2016ರಲ್ಲಿಯೇ ರಚಿತವಾಯಿತು.

ಸಮಿತಿ ರಚಿಸಿದೊಡನೆ ಗಡಿಯ ದಾರಿ ಸುಗಮವಾದೀತೆ? ನೀತಿ ರೂಪಿಸುವವರಿಗೂ ಶಿಕ್ಷಣ ಬೇಕು. ಅಭಿವೃದ್ಧಿಶೀಲ ದೇಶಗಳ ಇಂಥ ಸಮಿತಿಗಳಿಗೆ ವಿಶ್ವಸಂಸ್ಥೆಯ ‘ಅಂಕ್ಟಾಡ್’ ತರಬೇತಿ ಕೊಡುತ್ತಿದೆ. ಸರಕು ಬರುವ ಮುನ್ನವೇ ಕಾಗದಪತ್ರ ಪರಿಶೀಲಿಸುವುದು, ಎಲ್ಲ ಅರ್ಜಿಗಳಿಗೂ ಏಕಗವಾಕ್ಷಿ ತೆರೆಯುವುದು, ಪ್ರತಿಯೊಂದು ಮೂಟೆಯನ್ನೂ ಬಿಚ್ಚದೆ ಸಂಶಯವಿರುವುದನ್ನಷ್ಟೇ ಬಿಚ್ಚುವುದು, ಇವು ಒಪ್ಪಂದ ಕಲಿಸುವ ಮುಖ್ಯ ಪಾಠಗಳು. ಸುಂಕದ ಕಟ್ಟೆ ಉಳಿದರೂ ಅಲ್ಲಿ ಕೂತವರು ವ್ಯಾಪಾರಿಯ ಸುಖದುಃಖಕ್ಕೆ ಕಿವಿಗೊಡಲು ಕಲಿತರೆ ಸರಕು ಸುಗಮವಾಗಿ ಸಾಗೀತು.