ಓದಿ ನಡೆಯುವ ದಾರಿ: ಸಾಂತಿಯಾಗೊ ಯಾತ್ರೆಯ ಕೈಪಿಡಿಗಳು

ಸ್ಪೇನಿನ ವಾಯವ್ಯ ಮೂಲೆಯಲ್ಲಿರುವ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದ ಮಹಾದೇವಾಲಯದಲ್ಲಿ ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಇದೆಯೆಂಬ ನಂಬಿಕೆಯಿಂದ ಹುಟ್ಟಿದ ಕಾಲ್ನಡಿಗೆಯ ದಾರಿಗೆ 'ಕಮಿನೊ' ಎಂಬ ಹೆಸರು. ಅದರ ಹೆಸರಾಂತ ಕವಲು ಫ್ರಾನ್ಸಿನ ಗಡಿಯ ಸ್ಯಾಂ ಝಾಂ ಪಿಯೆ ದ ಪೋರ್ ಎಂಬ ಊರಿನಿಂದ ಹೊರಟು ಸುಮಾರು 780 ಕಿಲೋಮೀಟರ್ ಸಾಗುತ್ತದೆ. ದೂರದೇಶಗಳಿಂದ ರಜೆ ಹಾಕಿ ಇಲ್ಲಿಗೆ ಬರುವವರಲ್ಲಿ ಅನೇಕರು ಹೊರಡುವುದಕ್ಕೆ ಮುನ್ನ ಒಂದೆರಡು ಪುಸ್ತಕ ಓದಿ, ಒಂದು ಸಿನಿಮಾ ನೋಡಿಯೇ ಬೆನ್ನುಚೀಲ ಕಟ್ಟುತ್ತಾರೆ. ಸಿನಿಮಾ ಹೊಸದಾದರೂ ದಾರಿಯನ್ನು ಮೊದಲೇ ಓದಿಕೊಳ್ಳುವ ಪದ್ಧತಿ ಎಂಟುನೂರು ವರ್ಷಗಳಿಗಿಂತ ಹಳೆಯದು.

ಹನ್ನೆರಡನೆಯ ಶತಮಾನದ 'ಕೋಡೆಕ್ಸ್ ಕಾಲಿಕ್ಸ್ತಿನುಸ್' ಎಂಬ ಲ್ಯಾಟಿನ್ ಹಸ್ತಪ್ರತಿಯ ಐದನೆಯ ಭಾಗವು ಯಾತ್ರಿಕರ ಕೈಪಿಡಿಯಾಗಿದ್ದು, ಫ್ರಾನ್ಸಿನ ಪೊಯ್ತೂ ಪ್ರಾಂತ್ಯದ ಏಮೆರಿ ಪಿಕೊ ಎಂಬ ಪಾದ್ರಿ ಅದನ್ನು ಬರೆದನೆಂದು ಬಹುಕಾಲದಿಂದ ಹೇಳಲಾಗುತ್ತದೆ. ಇಡೀ ದಾರಿಯನ್ನು ಹದಿಮೂರೇ ಹಂತಗಳಲ್ಲಿ ಮುಗಿಸುವ ಈ ಲೇಖಕ ಕೆಲವು ಹಂತಗಳನ್ನು ಕುದುರೆ ಏರಿದವರಿಗೆಂದೇ ಲೆಕ್ಕಹಾಕಿದ್ದಾನೆ. ಯಾವ ಹೊಳೆಯ ನೀರು ಕುಡಿಯಲು ಯೋಗ್ಯ, ಯಾವುದು ವಿಷ ಎಂಬುದಕ್ಕೆ ಅವನು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ನವಾರ ಸೀಮೆಯ ಉಪ್ಪುಹೊಳೆಯ ದಡದಲ್ಲಿ ಇಬ್ಬರು ಸ್ಥಳೀಯರು ಚೂರಿ ಮಸೆಯುತ್ತ ಕುಳಿತಿದ್ದರು, ನೀರು ಒಳ್ಳೆಯದೇ ಎಂದು ಕೇಳಿದಾಗ ಹೌದೆಂದರು, ಕುಡಿದ ಕುದುರೆಗಳಲ್ಲಿ ಎರಡು ಅಲ್ಲೇ ಸತ್ತಾಗ ಕೂಡಲೇ ಚರ್ಮ ಸುಲಿದರು ಎಂದು ಅವನು ಬರೆಯುತ್ತಾನೆ. ಆ ಕೋಪದಲ್ಲಿ ನವಾರದ ಜನರ ಊಟ, ಉಡುಪು, ಮಾತು ಎಲ್ಲವನ್ನೂ ಹೀಗಳೆದು ತನ್ನ ಪೊಯ್ತೂ ಜನರನ್ನು ಹೊಗಳುವ ಇವನೇ, ದಾರಿಹೋಕರಿಗೆ ಬೇಕಾಗುವ ಬಾಸ್ಕ್ ಭಾಷೆಯ ಕೆಲವು ಪದಗಳನ್ನು ಪಟ್ಟಿಮಾಡಿ, ಆ ಭಾಷೆಯ ಅತ್ಯಂತ ಹಳೆಯ ಪದಸಂಗ್ರಹಗಳಲ್ಲೊಂದನ್ನು ಅರಿವಿಲ್ಲದೆ ಉಳಿಸಿಹೋಗಿದ್ದಾನೆ. ಪಕ್ಷಪಾತಿಯಾದರೂ ಅವನು ಓದುಗನ ಗಂಟಲು ಮತ್ತು ಹಣದ ಚೀಲದ ಬಗ್ಗೆ ಚಿಂತಿಸಿದವನು ಎಂಬುದನ್ನು ಮರೆಯಬಾರದು.

ಮುಂದಿನ ಶತಮಾನಗಳಲ್ಲಿ ಪ್ಲೇಗು, ಧರ್ಮಸುಧಾರಣೆ ಮತ್ತು ಯುದ್ಧಗಳಿಂದ ಯಾತ್ರೆ ಕ್ಷೀಣಿಸಿತು. ಕೈಪಿಡಿ 1882ರಲ್ಲಿ ಅಚ್ಚಾಗಿ, 1938ರಲ್ಲಿ ಫ್ರೆಂಚಿಗೆ ಅನುವಾದಗೊಂಡರೂ ಅದನ್ನು ಓದಿದವರು ಹೆಚ್ಚಾಗಿ ವಿದ್ವಾಂಸರೇ ಹೊರತು ನಡೆಯುವವರಲ್ಲ.

ನಡೆಯುವವರಿಗಾಗಿ ಕೆಲಸಮಾಡಿದವರು ಸುಮಾರು 1,300 ಮೀಟರ್ ಎತ್ತರದ ಓ ಸೆಬ್ರೇರೊ ಎಂಬ ಹಳ್ಳಿಯ ಪಾದ್ರಿ ಎಲಿಯಾಸ್ ವಲಿಞ. ಯಾತ್ರೆಯ ಕಾನೂನು ಚರಿತ್ರೆಯ ಕುರಿತು ಸಂಶೋಧನಾ ಪ್ರಬಂಧ ಬರೆದಿದ್ದ ಅವರು 1980ರ ದಶಕದಲ್ಲಿ ಆಧುನಿಕ ಕೈಪಿಡಿಯನ್ನೂ ರಚಿಸಿದರು. ಆದರೆ ಹಳೆಯ ಕಾಲುದಾರಿಯ ಎಷ್ಟೋ ಭಾಗ ಹೆದ್ದಾರಿಯ ಅಡಿಯಲ್ಲಿ ಹೂತುಹೋಗಿ, ಇನ್ನೆಷ್ಟೋ ಭಾಗ ಪೊದೆ ಬೆಳೆದು ಮುಚ್ಚಿಹೋಗಿದ್ದಾಗ ಪುಸ್ತಕವೊಂದೇ ಯಾರನ್ನೂ ಗುರಿ ಮುಟ್ಟಿಸುವಂತಿರಲಿಲ್ಲ. ಆದ್ದರಿಂದ 1984ರಲ್ಲಿ ಅವರು ತಮ್ಮ ಸಿತ್ರೊಎನ್ ಕಾರಿನಲ್ಲಿ ಹಳದಿ ಬಣ್ಣದ ಡಬ್ಬಿಗಳನ್ನು ತುಂಬಿಕೊಂಡು ಹೋಗಿ, ಮರ, ಬಂಡೆ, ಗೋಡೆಗಳ ಮೇಲೆ ಬಾಣದ ಗುರುತು ಬಳಿಯತೊಡಗಿದರು. ಪಿರನೀಸ್ ಬೆಟ್ಟಗಳಲ್ಲಿ ಸಂಶಯಗೊಂಡು ತಡೆದ ಪೊಲೀಸರಿಗೆ, ಫ್ರಾನ್ಸಿನ ಕಡೆಯಿಂದ ನಡೆಯಲಿರುವ ದೊಡ್ಡ ದಂಡಯಾತ್ರೆಗೆ ಸಿದ್ಧತೆ ಮಾಡುತ್ತಿರುವುದಾಗಿ ಅವರು ಉತ್ತರಿಸಿದರೆಂಬ ಕಥೆ ಪ್ರಚಾರದಲ್ಲಿದ್ದು, ಅದು ನಿಜವೋ ಅಲ್ಲವೋ, ದಂಡಯಾತ್ರೆಯಂತೂ ನಡೆಯಿತು: 1986ರಲ್ಲಿ ಯಾತ್ರೆ ಮುಗಿಸಿ ಪ್ರಮಾಣಪತ್ರ ಪಡೆದವರು ಸುಮಾರು 2,500 ಮಂದಿಯಾದರೆ 2024ರಲ್ಲಿ ಆ ಸಂಖ್ಯೆ ಐದು ಲಕ್ಷದ ಹತ್ತಿರ ಬಂದಿತ್ತು. ವಲಿಞ 1989ರಲ್ಲೇ ತೀರಿಕೊಂಡಿದ್ದರು.

ಬಾಣ ದಾರಿ ತೋರಿಸತೊಡಗಿದ ಮೇಲೆ ಪುಸ್ತಕಗಳಿಗೆ ಬೇರೆ ಕೆಲಸ ಸಿಕ್ಕಿತು, ಮತ್ತು ಆ ಕೆಲಸ ಅಷ್ಟೇನೂ ಮೆಚ್ಚುವಂಥದ್ದಲ್ಲ. ಬ್ರೆಜಿಲಿನ ಪಾಲೊ ಕೊಯೆಲೊ 1987ರಲ್ಲಿ ಪ್ರಕಟಿಸಿದ ಯಾತ್ರಾಕಥನದಲ್ಲಿ ದಾರಿಗಿಂತ ಮಾಂತ್ರಿಕ ಸಾಧನೆಗೇ ಹೆಚ್ಚು ಜಾಗವಿದೆ. ಜರ್ಮನ್ ಹಾಸ್ಯನಟ ಹಾಪೆ ಕೆರ್ಕೆಲಿಂಗ್ 2001ರಲ್ಲಿ ನಡೆದು 2006ರಲ್ಲಿ ಬರೆದ ಪುಸ್ತಕ ದಶಲಕ್ಷಗಟ್ಟಲೆ ಮಾರಾಟವಾಗಿ, ಪ್ರಮಾಣಪತ್ರ ಪಡೆದ ಜರ್ಮನ್ನರ ಸಂಖ್ಯೆ ಒಂದೇ ವರ್ಷದಲ್ಲಿ ಸುಮಾರು ಎಂಟು ಸಾವಿರದಿಂದ ಹದಿನಾಲ್ಕು ಸಾವಿರದ ಹತ್ತಿರಕ್ಕೆ ಏರಿತು. ಎಮಿಲಿಯೊ ಎಸ್ತೆವೆಜ್ ತಂದೆ ಮಾರ್ಟಿನ್ ಶೀನ್ ಅವರನ್ನು ನಾಯಕನಾಗಿಸಿ 2010ರಲ್ಲಿ ತಂದ 'ದ ವೇ' ಚಿತ್ರ ಅಮೆರಿಕನ್ನರನ್ನು ಹೊರಡಿಸಿತು. ಪಿರನೀಸ್‌ನ ಬಿರುಗಾಳಿಯಲ್ಲಿ ಸತ್ತ ಮಗನ ಚಿತಾಭಸ್ಮವನ್ನೂ ಚೀಲವನ್ನೂ ಹೊತ್ತು, ಅಭ್ಯಾಸವಾಗಲಿ ಓದಾಗಲಿ ಇಲ್ಲದೆ ಹೊರಟುಬಿಡುವ ವಯಸ್ಸಾದ ವೈದ್ಯನ ಕಥೆ ಅದು. ಸಿದ್ಧತೆಯೇ ಇಲ್ಲದವನ ಚಿತ್ರವನ್ನು ಜನ ಸಿದ್ಧತೆಗೆಂದು ನೋಡುತ್ತಿರುವುದು ವಿಚಿತ್ರವಲ್ಲವೇ!

ಇಂಥ ಕೃತಿಗಳು ದಾರಿಹೋಕನಿಗೆ ಮುಂಚಿತವಾಗಿ ಕೊಡುವುದು ಭಾವನೆಯನ್ನು: ಎಲ್ಲಿ ಅಳಬೇಕು, ಎಲ್ಲಿ ಹಗುರಾಗಬೇಕು ಎಂಬುದನ್ನು. ಬುರ್ಗೋಸ್ ದಾಟಿದ ಮೇಲೆ ದಿನಗಟ್ಟಲೆ ಚಾಚಿಕೊಳ್ಳುವ, ನೆರಳೇ ವಿರಳವಾದ ಮೆಸೆತಾ ಪ್ರಸ್ಥಭೂಮಿಯ ಬೇಸರವನ್ನು ಎರಡು ಗಂಟೆಯ ಚಿತ್ರ ಹಿಡಿಯಲಾರದು, ಇಳಿಜಾರಿನಲ್ಲಿ ಮಂಡಿಗೆ ಆಗುವ ನೋವನ್ನೂ, ಅಂಗಾಲಿನ ಬೊಬ್ಬೆಯನ್ನೂ ಅದು ನಗೆಯ ವಸ್ತುವಾಗಿಸಬಹುದು ಅಷ್ಟೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದುಹೋಗುವ ಉತ್ತರ ಕರ್ನಾಟಕದ ತಂಡಗಳಲ್ಲಾದರೆ ಇಂಥ ಬೇಸರ, ನೋವುಗಳ ತಿಳಿವಳಿಕೆಯನ್ನು ಹಿಂದೆ ಹೋಗಿಬಂದ ಹಿರಿಯರೇ ಜೊತೆಯಲ್ಲಿ ನಡೆಯುತ್ತ ಕೊಡುತ್ತಾರೆ.

ಉಪಯುಕ್ತ ಕೈಪಿಡಿಗಳೂ ಪೂರ್ತಿ ನಿರಪಾಯಕಾರಿಯಲ್ಲ. 2023ರಲ್ಲಿ ತೀರಿಕೊಂಡ ಜಾನ್ ಬ್ರೈರ್ಲಿ ಇದೇ ದಾರಿಯನ್ನು 33 ಹಂತಗಳಾಗಿ ವಿಂಗಡಿಸಿ ಬರೆದ ಪುಸ್ತಕ ಇಂಗ್ಲಿಷ್ ಓದುಗರಲ್ಲಿ ಎಷ್ಟು ವ್ಯಾಪಕವಾಗಿ ಬಳಕೆಯಾಯಿತೆಂದರೆ, ಹಂತ ಮುಗಿಯುವ ಊರುಗಳ ಆಲ್ಬೆರ್ಗೆಗಳಲ್ಲಿ, ಅಂದರೆ ಯಾತ್ರಿಕರ ಛತ್ರಗಳಲ್ಲಿ, ಮಂಚಕ್ಕಾಗಿ ಪೈಪೋಟಿ ನಡೆಯುವುದುಂಟು. ಈಗ ಅನುಭವಸ್ಥರು ಹೊಸಬರಿಗೆ ಹೇಳುವ ಉಪಾಯವೆಂದರೆ, ಆ ಪುಸ್ತಕವನ್ನು ತಪ್ಪದೆ ಓದಿ, ಅದು ತಂಗಲು ಹೇಳಿದ ಊರಿಗಿಂತ ಒಂದು ಹಳ್ಳಿ ಹಿಂದೆಯೋ ಮುಂದೆಯೋ ಉಳಿದುಕೊಳ್ಳುವುದು.